ಕಣ್ಣಿನ ಪೊರೆ ಮತ್ತು ಪ್ರೋಟೀನ್: ಹಣ್ಣಾಗುವವರೆಗೆ ಕಾಯಬೇಕೇ?



ಕಳೆದ ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದಾಗ ನಮ್ಮ ಹಿರಿಯ ಸದಸ್ಯೆಯೊಬ್ಬರು ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದರು. ಸರ್ಕಾರದ 'ಕಂಟಿ ವೆಲುಗು' ಶಿಬಿರದಲ್ಲಿ ಕೊಟ್ಟ ಚೀಟಿ ಅದು. ಎರಡೂ ಕಣ್ಣಿಗೆ ಪೊರೆ ಬಂದಿದೆ, ದೊಡ್ಡಾಸ್ಪತ್ರೆಗೆ ಹೋಗಿ ಎಂದು ಬರೆದಿತ್ತು. ಮಡಿಕೆಯ ಗೆರೆಯಲ್ಲಿ ಹರಿದು ಎರಡು ತುಂಡಾಗಿತ್ತು. ಅಷ್ಟು ದಿನದಿಂದ ಗಂಟಿನಲ್ಲೇ ಇದೆ ಎಂದಾಯಿತು. ಯಾಕಮ್ಮ ಹೋಗಲಿಲ್ಲ ಎಂದು ಕೇಳಿದರೆ, "ಇನ್ನಾ ಹಣ್ಣಾಗಿಲ್ರಿ, ಹಣ್ಣಾದ ಮ್ಯಾಗ ನೋಡೋಣು" ಎಂದರು. ಪಕ್ಕದಲ್ಲಿದ್ದವರು ಸಂತೆಯಲ್ಲಿ ಸಿಗುವ ಹನಿ ಔಷಧದ ಮಾತು ತೆಗೆದರು. ಇನ್ನೊಬ್ಬರು ಜೇನುತುಪ್ಪ ಹಚ್ಚಿ ಎಂದರು.

ಆ ಹೊತ್ತಿಗೆ "ಡಾಕ್ಟರನ್ನು ಕೇಳಿ" ಎಂಬುದನ್ನು ಬಿಟ್ಟು ನಮ್ಮ ಹತ್ತಿರ ಬೇರೆ ಉತ್ತರ ಇರಲಿಲ್ಲ. ಪೊರೆ ಎಂದರೆ ನಿಜಕ್ಕೂ ಏನು? ಹನಿ ಹಾಕಿದರೆ ಅದೇಕೆ ಕರಗುವುದಿಲ್ಲ? ಹಣ್ಣಾಗುವವರೆಗೆ ಕಾಯಬೇಕೇ? ಈ ಮೂರು ಪ್ರಶ್ನೆಗಳನ್ನು ಹಿಡಿದು ನಾವು ಓದಿದೆವು, ಬಲ್ಲವರನ್ನು ಕೇಳಿದೆವು. ಮೂರಕ್ಕೂ ಉತ್ತರ ಒಂದೇ ಕಡೆ ಸಿಕ್ಕಿತು. ನಮ್ಮ ಜೀವಕೋಶಗಳು ಪ್ರೋಟೀನನ್ನು ಹೇಗೆ ಮಡಿಸುತ್ತವೆ, ಹೇಗೆ ಮಾರ್ಪಡಿಸುತ್ತವೆ, ಹಳತಾದಾಗ ಹೇಗೆ ಕಿತ್ತುಹಾಕುತ್ತವೆ ಎಂಬುದು ತಿಳಿದರೆ ಪೊರೆ ಏಕೆ ಬರುತ್ತದೆ ಎಂಬುದೂ ತಿಳಿಯುತ್ತದೆ. ಅದನ್ನೇ ಇಲ್ಲಿ ಬರೆದಿದ್ದೇವೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ತಾಳ್ಮೆಯಿಂದ ಓದಿ. ಮನೆಯಲ್ಲಿ ಕಣ್ಣು ಕಾಣದ ಹಿರಿಯರಿದ್ದರೆ ಅವರಿಗೆ ಓದಿ ಹೇಳಿ.

ಪೊರೆ ಎಂಬುದು ಪೊರೆಯಲ್ಲ

ನಮ್ಮ ಕಡೆ ಒಂದೇ ರೋಗಕ್ಕೆ ಮೂರು ಹೆಸರು. ಕನ್ನಡದವರು ಪೊರೆ ಅನ್ನುತ್ತೇವೆ, ತೆಲುಗಿನವರು ಶುಕ್ಲಂ ಅನ್ನುತ್ತಾರೆ, ಉರ್ದು ಓದಿದ ಹಳೆಯ ಮಂದಿ ಮೋತಿಬಿಂದು ಅನ್ನುತ್ತಾರೆ. ಇದರಲ್ಲಿ ನಮ್ಮ ಕನ್ನಡದ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಪೊರೆ ಎಂದ ಕೂಡಲೇ ಹಾವಿನ ಪೊರೆಯಂತೆ, ಹಾಲಿನ ಕೆನೆಯಂತೆ ಕಣ್ಣಿನ ಮೇಲೆ ಏನೋ ಬೆಳೆದಿದೆ, ಒರೆಸಿದರೆ ಅಥವಾ ಕರಗಿಸಿದರೆ ಹೋಗುತ್ತದೆ ಎಂದು ಮನಸ್ಸಿಗೆ ಬರುತ್ತದೆ. ಹಾಗಲ್ಲ. ಕಣ್ಣಿನ ಕರಿಗುಡ್ಡೆಯ ಹಿಂದೆ, ಒಳಗಡೆ, ಒಂದು ಪಾರದರ್ಶಕ ಮಸೂರ ಇದೆ. ಮಸೂರ ಬೇಳೆಯ ಆಕಾರವಿರುವುದರಿಂದಲೇ ಅದಕ್ಕೆ ಆ ಹೆಸರು. ಹೊರಗಿನ ಬೆಳಕನ್ನು ಕಣ್ಣಿನ ಹಿಂಗೋಡೆಯ ಮೇಲೆ ಸರಿಯಾಗಿ ಬೀಳಿಸುವುದು ಅದರ ಕೆಲಸ. ಆ ಮಸೂರವೇ ಒಳಗಿನಿಂದ ಮಬ್ಬಾಗುವುದಕ್ಕೆ ಪೊರೆ ಎನ್ನುತ್ತೇವೆ. ಮೇಲೆ ಬಂದು ಕುಳಿತದ್ದು ಏನೂ ಇಲ್ಲ.

ಈ ಮಸೂರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರು, ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಪ್ರೋಟೀನ್. ದೇಹದ ಬೇರೆ ಭಾಗಗಳಲ್ಲಿ ಇಷ್ಟು ದಟ್ಟವಾಗಿ ಪ್ರೋಟೀನ್ ತುಂಬಿರುವುದಿಲ್ಲ. ಅಷ್ಟು ಪ್ರೋಟೀನ್ ಇದ್ದೂ ಅದು ಗಾಜಿನಂತೆ ತಿಳಿಯಾಗಿದೆ. ಇದು ಹೇಗೆ ಎಂಬುದಕ್ಕೆ ಮಡಿಕೆಯ ವಿಷಯಕ್ಕೆ ಬರಬೇಕು.

ಮಡಿಸುವ ಕೆಲಸ

ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆ ಎಂದಷ್ಟೇ ನಾವು ತಿಳಿದಿದ್ದೇವೆ. ತಿಂದ ಪ್ರೋಟೀನನ್ನು ದೇಹ ಬಿಡಿಬಿಡಿಯಾಗಿ ಒಡೆದು, ಆ ಬಿಡಿ ಭಾಗಗಳಿಂದ ತನಗೆ ಬೇಕಾದ ಸಾವಿರಾರು ಬಗೆಯ ಪ್ರೋಟೀನ್‌ಗಳನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಬಿಡಿ ಭಾಗಗಳಿಗೆ ಅಮೈನೋ ಆಮ್ಲ ಎನ್ನುತ್ತಾರೆ. ಇವು 20 ಬಗೆ. ಇವನ್ನು ಮಣಿಗಳಂತೆ ಒಂದರ ಹಿಂದೆ ಒಂದು ಪೋಣಿಸಿದರೆ ಸರವಾಗುತ್ತದೆ. ಆದರೆ ಸರವಾಗಿಯೇ ಉಳಿದರೆ ಅದರಿಂದ ಕೆಲಸ ಆಗುವುದಿಲ್ಲ. ಅದು ತನ್ನದೇ ಆದ ಒಂದು ಆಕಾರಕ್ಕೆ ಮಡಚಿಕೊಳ್ಳಬೇಕು. ಆಕಾರ ಸರಿಯಾದರೆ ಮಾತ್ರ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರುತ್ತದೆ, ಇನ್ಸುಲಿನ್ ಸಕ್ಕರೆ ಇಳಿಸುತ್ತದೆ.

ಆ ಸರ ಯಾವ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂದು ನಕ್ಷೆ ಮಾಡಿ ತೋರಿಸಿದವರು ನಮ್ಮ ದೇಶದವರೇ ಆದ ಜಿ. ಎನ್. ರಾಮಚಂದ್ರನ್. 1963ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿದ್ದಾಗ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ಅದನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನಾದ್ಯಂತ ಅದನ್ನು 'ರಾಮಚಂದ್ರನ್ ನಕ್ಷೆ' ಎಂದೇ ಕರೆಯುತ್ತಾರೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1971ರಲ್ಲಿ ಅಲ್ಲಿ ಇದಕ್ಕೆಂದೇ ಒಂದು ವಿಭಾಗ ಕಟ್ಟಿದರು.

ಮಡಿಸುವಾಗ ತಪ್ಪುಗಳೂ ಆಗುತ್ತವೆ. ನಮ್ಮ ಮನೆಗಳಲ್ಲಿ ನಾರಾಯಣಪೇಟೆ ಸೀರೆಯನ್ನು ಒಬ್ಬರೇ ಮಡಿಸಲು ಹೋದರೆ ಸುಕ್ಕಾಗಿ ಮುದ್ದೆಯಾಗುತ್ತದೆ. ಆ ತುದಿ ಇನ್ನೊಬ್ಬರು ಹಿಡಿದರೆ ಅಂಚಿಗೆ ಅಂಚು ಕೂಡುತ್ತದೆ. ಜೀವಕೋಶದೊಳಗೂ ಹೀಗೆ ತುದಿ ಹಿಡಿಯುವ ಸಹಾಯಕ ಪ್ರೋಟೀನ್‌ಗಳಿವೆ. ಅವಕ್ಕೆ ಚಾಪೆರೋನ್ ಎಂದು ಹೆಸರು. ಬಿಸಿ ಹೆಚ್ಚಾದಾಗ, ಜೀವಕೋಶಕ್ಕೆ ಪೆಟ್ಟು ಬಿದ್ದಾಗ ಇವುಗಳ ಸಂಖ್ಯೆ ಹೆಚ್ಚುತ್ತದೆ. ಮಡಿಕೆ ಬಿಚ್ಚುತ್ತಿರುವ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ಇವು ನೋಡಿಕೊಳ್ಳುತ್ತವೆ.

ಮಾರ್ಪಾಡು: ಬೇಕಾದದ್ದು, ಬೇಡವಾದದ್ದು

ಮಡಿಸಿದ ಮೇಲೆ ದೇಹ ಪ್ರೋಟೀನನ್ನು ಹಾಗೆಯೇ ಬಿಡುವುದಿಲ್ಲ. ಕೆಲವನ್ನು ಕತ್ತರಿಸುತ್ತದೆ, ಕೆಲವಕ್ಕೆ ಏನನ್ನಾದರೂ ಜೋಡಿಸುತ್ತದೆ. ಇನ್ಸುಲಿನ್ ಮೊದಲು ಒಂದೇ ಉದ್ದನೆಯ ಸರವಾಗಿ ತಯಾರಾಗುತ್ತದೆ. ಮಡಚಿ, ಗಂಧಕದ ಬೆಸುಗೆ ಹಾಕಿ, ನಡುವಿನ ತುಂಡನ್ನು ಕತ್ತರಿಸಿ ತೆಗೆದ ಮೇಲೆ 51 ಅಮೈನೋ ಆಮ್ಲಗಳ, ಎರಡು ಎಳೆಗಳ ಇನ್ಸುಲಿನ್ ಉಳಿಯುತ್ತದೆ. ಇದು ದೇಹ ಬೇಕೆಂದೇ ಮಾಡುವ ಮಾರ್ಪಾಡು.

ದೇಹ ಕೇಳದೆ ಆಗುವ ಮಾರ್ಪಾಡುಗಳೂ ಇವೆ. ನಮ್ಮ ಸದಸ್ಯರಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆಲ್ಲ ಎಚ್‌ಬಿಎ1ಸಿ ಪರೀಕ್ಷೆ ಗೊತ್ತು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ತಾನಾಗಿಯೇ ಹೋಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ನೂರರಲ್ಲಿ ಎಷ್ಟಕ್ಕೆ ಅಂಟಿದೆ ಎಂದು ಎಣಿಸುವುದೇ ಆ ಪರೀಕ್ಷೆ. ಅದು ಮೂರು ತಿಂಗಳ ಲೆಕ್ಕ ಏಕೆ ಹೇಳುತ್ತದೆ? ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟರಲ್ಲಿ ಹಳೆಯ ಕಣ, ಅದರ ಜೊತೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಎರಡೂ ಹೋಗಿ ಹೊಸದು ಬರುತ್ತದೆ. ಅಂದರೆ ರಕ್ತದಲ್ಲಿ ತಪ್ಪು ತಿದ್ದಿಕೊಳ್ಳಲು ಅವಕಾಶ ಇದೆ. ಪಥ್ಯ ಹಿಡಿದರೆ ಮೂರು ತಿಂಗಳಲ್ಲಿ ಅಂಕಿ ಇಳಿಯುತ್ತದೆ. ಈ ಮಾತನ್ನು ನೆನಪಿಡಿ, ಕಣ್ಣಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ವಿಲೇವಾರಿ

ಹಳತಾದ, ಕೆಟ್ಟ, ಮಡಿಕೆ ತಪ್ಪಿದ ಪ್ರೋಟೀನ್‌ಗಳನ್ನು ಜೀವಕೋಶ ಏನು ಮಾಡುತ್ತದೆ? ಇಲ್ಲಿ ನಮಗೆ ಕಚೇರಿಯ ಕಡತಗಳೇ ನೆನಪಾದವು. ಕೆಲಸ ಮುಗಿದ ಕಡತವನ್ನು ಯಾರೂ ಸುಮ್ಮನೆ ಹರಿದು ಬಿಸಾಡುವುದಿಲ್ಲ. ಅದರ ಮೇಲೆ ನಾಶಕ್ಕೆ ಎಂದು ಗುರುತು ಬೀಳಬೇಕು. ಗುರುತು ಬಿದ್ದದ್ದು ಮಾತ್ರ ಹೊರಗೆ ಹೋಗುತ್ತದೆ. ಜೀವಕೋಶದಲ್ಲಿ ಆ ಗುರುತು ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಕೆಟ್ಟ ಪ್ರೋಟೀನಿಗೆ ಇದನ್ನು ಸರಪಳಿಯಾಗಿ ಅಂಟಿಸಲಾಗುತ್ತದೆ. ಆ ಸರಪಳಿ ಕಂಡ ಕೂಡಲೇ ಪ್ರೋಟಿಯಾಸೋಮ್ ಎಂಬ ಕೊಳವೆಯಾಕಾರದ ಯಂತ್ರ ಅದನ್ನು ಒಳಗೆಳೆದುಕೊಂಡು ತುಂಡು ಮಾಡುತ್ತದೆ. ಗುರುತಿನ ಚೀಟಿಯನ್ನು ಮಾತ್ರ ಬಿಡಿಸಿ ಮತ್ತೆ ಬಳಸಲು ಇಟ್ಟುಕೊಳ್ಳುತ್ತದೆ. ಸಿಕ್ಕ ತುಂಡುಗಳು ಮತ್ತೆ ಅಮೈನೋ ಆಮ್ಲಗಳಾಗಿ ಹೊಸ ಪ್ರೋಟೀನ್ ಕಟ್ಟಲು ಒದಗುತ್ತವೆ.

ಇದನ್ನು ಕಂಡುಹಿಡಿದ ಆರನ್ ಚೀಹಾನೋವರ್, ಅವ್ರಾಮ್ ಹರ್ಷ್ಕೋ ಮತ್ತು ಇರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ದೊಡ್ಡ ಮುದ್ದೆಗಳನ್ನು ಜೀವಕೋಶ ಚೀಲದಲ್ಲಿ ಕಟ್ಟಿ ಜೀರ್ಣಿಸಿಕೊಳ್ಳುವ ಇನ್ನೊಂದು ದಾರಿಯೂ ಇದೆ. ಅದರ ಗುಟ್ಟು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಕಟ್ಟುವುದರಷ್ಟೇ ಕಳೆಯುವುದೂ ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಮಸೂರದ ಕಾಯಂ ಕಡತ

ಕಚೇರಿಯಲ್ಲಿ ಎಂದಿಗೂ ನಾಶಮಾಡಬಾರದ ಕಾಯಂ ಕಡತಗಳು ಇರುತ್ತವೆ. ಅಜ್ಜನ ಕಾಲದ ಕಾಗದ, ಅದೇ ಮೂಲ ಪ್ರತಿ, ಬದಲಿ ಪ್ರತಿ ಇಲ್ಲ. ದಾಖಲೆ ಕೋಣೆಯಲ್ಲಿ ವರ್ಷ ಕಳೆದಂತೆ ಹಾಳೆ ಹಳದಿಯಾಗಿ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕಣ್ಣಿನ ಮಸೂರದ ಪ್ರೋಟೀನ್ ಇಂಥ ಕಾಯಂ ಕಡತ.

ಮಸೂರ ಗಾಜಿನಂತೆ ತಿಳಿಯಾಗಿರಬೇಕಾದರೆ ಬೆಳಕಿಗೆ ಅಡ್ಡ ಬರುವ ಯಾವುದೂ ಅದರೊಳಗೆ ಇರಬಾರದು. ಆದ್ದರಿಂದ ಮಸೂರದ ಎಳೆಗಳು ಬೆಳೆಯುವಾಗ ತಮ್ಮೊಳಗಿನ ಕೋಶಕೇಂದ್ರವನ್ನೂ ಉಳಿದ ಯಂತ್ರಗಳನ್ನೂ ಕಳೆದುಕೊಳ್ಳುತ್ತವೆ. ರಕ್ತನಾಳವೂ ಅಲ್ಲಿಗೆ ಹೋಗುವುದಿಲ್ಲ. ಹೊಸ ಎಳೆಗಳು ಈರುಳ್ಳಿಯ ಪದರದಂತೆ ಹೊರಗಡೆಯಿಂದ ಸುತ್ತಿಕೊಳ್ಳುತ್ತವೆ. ನಡುವಿನ ಹಳೆಯ ಭಾಗ ಹಾಗೇ ಉಳಿಯುತ್ತದೆ. ಅಲ್ಲಿ ಹೊಸ ಪ್ರೋಟೀನ್ ತಯಾರಾಗುವುದಿಲ್ಲ, ಹಳತನ್ನು ತೆಗೆದು ಬದಲಿ ಇಡುವವರೂ ಇಲ್ಲ.

2008ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಇದನ್ನು ಒಂದು ಜಾಣ ಉಪಾಯದಿಂದ ತೋರಿಸಿದರು. 1950ರ ದಶಕದಿಂದ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಗಿ, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿದಿದೆ. ತೀರಿಕೊಂಡವರ ಮಸೂರದ ಪ್ರೋಟೀನಿನಲ್ಲಿ ಆ ಕಾರ್ಬನ್ ಅಳೆದಾಗ ಅದು ಅವರು ಹುಟ್ಟಿದ ಕಾಲದ ಗಾಳಿಗೆ ಹೊಂದಿತು. ಅಂದರೆ ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಎಳೆತನದಲ್ಲಿ ಆದ ಪ್ರೋಟೀನೇ ಎಂಬತ್ತರ ವಯಸ್ಸಿನಲ್ಲೂ ಕಣ್ಣಿನ ನಡುವೆ ಇರುತ್ತದೆ.

ಅಷ್ಟು ವರ್ಷ ಅದು ಕೆಡದೆ ಇರುವುದು ಹೇಗೆ? ಮಸೂರದ ಪ್ರೋಟೀನ್‌ಗಳಿಗೆ ಕ್ರಿಸ್ಟಲಿನ್ ಎಂದು ಹೆಸರು. ಅದರಲ್ಲಿ ಆಲ್ಫಾ, ಬೀಟಾ, ಗಾಮಾ ಎಂಬ ಬಗೆಗಳಿವೆ. ಆಲ್ಫಾ ಕ್ರಿಸ್ಟಲಿನ್ ನಾವು ಮೇಲೆ ಹೇಳಿದ ತುದಿ ಹಿಡಿಯುವ ಸಹಾಯಕನೂ ಹೌದು ಎಂದು 1992ರಲ್ಲಿ ಅಮೆರಿಕದ ಜೋಸೆಫ್ ಹೋರ್ವಿಟ್ಜ್ ತೋರಿಸಿದರು. ನಮ್ಮ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯಲ್ಲಿ ಸಿಎಚ್. ಮೋಹನ್ ರಾವ್ ಮತ್ತು ಸಂಗಡಿಗರು ಇದೇ ಪ್ರೋಟೀನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಡಿಕೆ ಬಿಚ್ಚುತ್ತಿರುವ ನೆರೆಯ ಪ್ರೋಟೀನನ್ನು ಆಲ್ಫಾ ಕ್ರಿಸ್ಟಲಿನ್ ತಬ್ಬಿ ಹಿಡಿದು, ಮುದ್ದೆಯಾಗದಂತೆ ತಡೆಯುತ್ತದೆ. ಆದರೆ ಒಮ್ಮೆ ಹಿಡಿದುಕೊಂಡದ್ದನ್ನು ವಿಲೇವಾರಿ ಮಾಡಲು ಅಲ್ಲಿ ಯಾರೂ ಇಲ್ಲ, ಹೊಸ ಸಹಾಯಕರೂ ಬರುವುದಿಲ್ಲ. ಐವತ್ತರ ವಯಸ್ಸಿನ ಹೊತ್ತಿಗೆ ಮಸೂರದ ನಡುಭಾಗದಲ್ಲಿ ಕೈ ಖಾಲಿ ಇರುವ ಆಲ್ಫಾ ಕ್ರಿಸ್ಟಲಿನ್ ಬಹುತೇಕ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಕೆಟ್ಟದ್ದು ಕೆಟ್ಟದ್ದಕ್ಕೆ ಅಂಟುತ್ತಾ ಹೋಗುತ್ತದೆ.

ಮುದ್ದೆಯಾದರೆ ಮಬ್ಬು ಏಕೆ? ಮೊಟ್ಟೆ ಒಡೆದು ಬಾಣಲೆಗೆ ಹಾಕಿ ನೋಡಿ. ನೀರಿನಂತೆ ತಿಳಿಯಾಗಿದ್ದ ಲೋಳೆ ಬಿಸಿಗೆ ಬೆಳ್ಳಗಾಗುತ್ತದೆ. ಹೊಸದಾಗಿ ಏನೂ ಸೇರಿಲ್ಲ. ಅದೇ ಪ್ರೋಟೀನಿನ ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿ, ಬೆಳಕನ್ನು ಚದುರಿಸುತ್ತಿದೆ. ಮಸೂರದಲ್ಲಿ ಇದೇ ಕೆಲಸ ಒಲೆಯಿಲ್ಲದೆ, ಹತ್ತಾರು ವರ್ಷಗಳಲ್ಲಿ, ನಿಧಾನವಾಗಿ ನಡೆಯುತ್ತದೆ. ಬೆಂದ ಮೊಟ್ಟೆಯನ್ನು ಮತ್ತೆ ಹಸಿ ಮಾಡುವ ಹನಿ ಯಾವ ಅಂಗಡಿಯಲ್ಲೂ ಇಲ್ಲ. ಹನಿ ಔಷಧದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಸಕ್ಕರೆ, ಬಿಸಿಲು, ಬೀಡಿ

ಈಗ ಎಚ್‌ಬಿಎ1ಸಿ ಮಾತಿಗೆ ಮರಳೋಣ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟುವ ಸಕ್ಕರೆ ಮಸೂರದ ಪ್ರೋಟೀನಿಗೂ ಅಂಟುತ್ತದೆ. ರಕ್ತಕಣ 120 ದಿನಕ್ಕೆ ಬದಲಾಗುತ್ತದೆ. ಮಸೂರದ ನಡುಭಾಗ ಬದಲಾಗುವುದೇ ಇಲ್ಲ. ಅಲ್ಲಿ ಹತ್ತು ವರ್ಷದ ಸಕ್ಕರೆಯ ಲೆಕ್ಕ ಹಾಗೇ ಜಮೆಯಾಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಪೊರೆ ಬೇಗ ಬರುವುದಕ್ಕೆ ಇದೊಂದು ಕಾರಣ. ಮಾತ್ರೆ ತಪ್ಪಿಸಿದ ದಿನ ಏನೂ ಆಗಲಿಲ್ಲ ಎಂದು ನಮಗೆ ಅನಿಸಬಹುದು. ಕಣ್ಣು ಅದನ್ನು ಬರೆದಿಟ್ಟುಕೊಂಡಿರುತ್ತದೆ.

ಬಿಸಿಲಿನ ನೇರಳಾತೀತ ಕಿರಣ ಇನ್ನೊಂದು ಕಾರಣ. ತೊಗರಿ, ಹತ್ತಿ ಹೊಲದಲ್ಲಿ ವರ್ಷಪೂರ್ತಿ ದುಡಿಯುವ ನಮ್ಮ ಕಡೆಯ ಮಂದಿಗೆ ಇದು ತಪ್ಪಿದ್ದಲ್ಲ. ತಲೆಗೆ ಸುತ್ತಿದ ಟವೆಲನ್ನು ಹಣೆಯ ಮುಂದಕ್ಕೆ ಎಳೆದುಕೊಂಡರೂ, ಅಂಚಿರುವ ಟೋಪಿ ಹಾಕಿದರೂ ಅಷ್ಟು ಮಟ್ಟಿಗೆ ಒಳ್ಳೆಯದೇ. ಬೀಡಿ ಸಿಗರೇಟು ಸೇದುವವರಲ್ಲಿ ಪೊರೆ ಹೆಚ್ಚು ಎಂಬುದೂ ಖಚಿತವಾದ ಮಾತು. ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಮಾತ್ರೆ, ಸ್ಟೀರಾಯ್ಡ್ ಹನಿ ಬಹಳ ದಿನ ಬಳಸಿದರೂ ಪೊರೆ ಬರುತ್ತದೆ. ಕಣ್ಣು ಕೆಂಪಾಯಿತೆಂದು ಅಂಗಡಿಯಿಂದ ತಂದ ಹನಿಯನ್ನು ತಿಂಗಳುಗಟ್ಟಲೆ ಹಾಕುವವರು ಇದನ್ನು ಗಮನಿಸಬೇಕು.

ಹನಿಯಿಂದ ಕರಗುವುದೇ?

ಕರಗಿಸುವ ಪ್ರಯತ್ನವನ್ನು ವಿಜ್ಞಾನಿಗಳು ಮಾಡದೆ ಇಲ್ಲ. 2015ರಲ್ಲಿ ಲ್ಯಾನೋಸ್ಟೆರಾಲ್ ಎಂಬ ವಸ್ತು ನಾಯಿಗಳ ಪೊರೆಯನ್ನು ಕಡಿಮೆ ಮಾಡಿತು ಎಂದು 'ನೇಚರ್' ಪತ್ರಿಕೆಯಲ್ಲಿ ವರದಿ ಬಂತು, ಜಗತ್ತಿನಾದ್ಯಂತ ಸುದ್ದಿಯಾಯಿತು. ಅದೇ ವರ್ಷ ಬೆಂಗಳೂರಿನ ಶಂಕರ ಕಣ್ಣಿನ ಆಸ್ಪತ್ರೆಯ ವೈದ್ಯರು ಅದನ್ನು ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯರ ಮಸೂರದ ಗಟ್ಟಿ ಭಾಗಗಳನ್ನು ಲ್ಯಾನೋಸ್ಟೆರಾಲ್ ದ್ರಾವಣದಲ್ಲಿ ಆರು ದಿನ ಮುಳುಗಿಸಿಟ್ಟರು. ಮಬ್ಬು ಕರಗಲಿಲ್ಲ. ಮುಳುಗಿಸಿಟ್ಟರೂ ಕರಗದ್ದು ಹೊರಗಿನಿಂದ ಹಾಕುವ ಹನಿಗೆ ಕರಗೀತೇ?

ಅರಿಶಿನದ ಮಾತೂ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಸಕ್ಕರೆ ಕಾಯಿಲೆಯ ಇಲಿಗಳಿಗೆ ಆಹಾರದಲ್ಲಿ ಅರಿಶಿನ ಕೊಟ್ಟಾಗ ಪೊರೆ ಬರುವುದು ನಿಧಾನವಾಯಿತು. ಅದು ಇಲಿಗಳ ಮಾತು, ಊಟದ ಮಾತು, ಬರುವುದನ್ನು ತಡಮಾಡುವ ಮಾತು. ಬಂದ ಪೊರೆ ಅದರಿಂದ ಹೋಗುತ್ತದೆ ಎಂದು ಅರ್ಥವಲ್ಲ. ಕಣ್ಣಿಗೆ ಅರಿಶಿನ, ಜೇನು, ಎಲೆಯ ರಸ ಹಾಕಿಕೊಂಡು ಹುಣ್ಣಾದರೆ ಇರುವ ಕಣ್ಣೂ ಹೋದೀತು. ದಯವಿಟ್ಟು ಹಾಕಬೇಡಿ.

ಹಣ್ಣಾಗಲಿ ಎಂದು ಕಾಯುವುದು

ಹಣ್ಣಾಗಲಿ ಎಂಬ ಮಾತು ಸುಳ್ಳಲ್ಲ, ಹಳೆಯದು. ಹಿಂದೆ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ತೆಗೆದ ಮೇಲೆ ಅದರ ಜಾಗದಲ್ಲಿ ಏನೂ ಇಡುತ್ತಿರಲಿಲ್ಲ. 2005ರಲ್ಲಿ ತೀರಿಕೊಂಡ ನಮ್ಮ ಕನ್ನಡ ನಾಡಿನ ಹೆಮ್ಮೆಯ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ ಲಕ್ಷಾಂತರ ಬಡವರಿಗೆ ಕಣ್ಣು ಕೊಟ್ಟರು. ಆ ಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದುದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಕನ್ನಡಕದ ಕಷ್ಟ ಪಡುವುದಕ್ಕಿಂತ, ಪೂರ್ತಿ ಕಾಣದಂತಾದ ಮೇಲೆ ಮಾಡಿಸುವುದೇ ಅಂದಿಗೆ ಸರಿಯಾಗಿತ್ತು.

ಈಗ ಹಾಗಲ್ಲ. 1949ರ ನವೆಂಬರಿನಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರ ಇಟ್ಟರು. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡಿತ್ತು ಎಂಬುದನ್ನು ಗಮನಿಸಿ ಅವರು ಅದೇ ಬಗೆಯ ವಸ್ತುವನ್ನು ಆರಿಸಿದ್ದರು. ಇಂದು ಸಣ್ಣ ಸೀಳಿನಿಂದ ಮಬ್ಬಾದ ಪ್ರೋಟೀನನ್ನು ಹೊರತೆಗೆದು, ಅದೇ ಚೀಲದಲ್ಲಿ ಹೊಸ ಮಸೂರ ಇಡುತ್ತಾರೆ. ಈ ಹೊಸ ಮಸೂರ ಪ್ರೋಟೀನಿನದಲ್ಲ, ಆದ್ದರಿಂದ ಅದಕ್ಕೆ ಮತ್ತೆ ಪೊರೆ ಬರುವುದಿಲ್ಲ. ಕೆಲವರಲ್ಲಿ ಹಿಂದಿನ ಚೀಲ ಕೆಲವು ಕಾಲದ ಮೇಲೆ ಮಸುಕಾಗುತ್ತದೆ. ಅದನ್ನು ಲೇಸರ್‌ನಿಂದ ಸರಿಪಡಿಸುತ್ತಾರೆ. ದಿನದ ಕೆಲಸಕ್ಕೆ ತೊಂದರೆಯಾಗುವಷ್ಟು ಮಬ್ಬಾದರೆ ಸಾಕು, ಮಾಡಿಸಬಹುದು. ಚಳಿಗಾಲವೇ ಬರಲಿ ಎಂದು ಕಾಯುವುದೂ ಬೇಕಿಲ್ಲ.

ಕಾಯುವುದರಲ್ಲಿ ಅಪಾಯವೂ ಇದೆ. ಪೊರೆ ಅತಿಯಾಗಿ ಹಣ್ಣಾದರೆ ಒಳಗಿನ ಪ್ರೋಟೀನ್ ದ್ರವವಾಗಿ ಚೀಲದಿಂದ ಹೊರಗೆ ಸೋರುತ್ತದೆ. ಅದನ್ನು ನುಂಗಲು ಬಂದ ರಕ್ಷಕ ಕಣಗಳೂ ಆ ಪ್ರೋಟೀನೂ ಸೇರಿ ಕಣ್ಣಿನ ನೀರು ಹೊರಹೋಗುವ ಜಾಲರಿಯನ್ನು ಕಟ್ಟಿಹಾಕುತ್ತವೆ. ಒತ್ತಡ ಏರಿ, ಕಣ್ಣು ಕೆಂಪಾಗಿ, ತಡೆಯಲಾರದ ನೋವು ಬರುತ್ತದೆ. ತಡವಾದರೆ ಕಣ್ಣಿನ ನರ ಸಾಯುತ್ತದೆ. ನರ ಸತ್ತ ಮೇಲೆ ಮಸೂರ ಬದಲಿಸಿ ಪ್ರಯೋಜನವಿಲ್ಲ. ನಮ್ಮ ಸದಸ್ಯರೊಬ್ಬರ ಅಣ್ಣನವರಿಗೆ ಹೀಗೇ ಆಯಿತು. ಸುಗ್ಗಿ ಮುಗಿಯಲಿ, ಹಣ್ಣಾಗಲಿ ಎಂದು ಎರಡು ವರ್ಷ ದೂಡಿದರು. ಒಂದು ರಾತ್ರಿ ನೋವು ಬಂತು. ತಲೆನೋವೆಂದು ಮಾತ್ರೆ ನುಂಗಿ ನಾಲ್ಕು ದಿನ ಕಳೆದರು. ಆ ಕಣ್ಣು ಉಳಿಯಲಿಲ್ಲ. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇವೆ. "ಇನ್ನೊಬ್ಬರಿಗರೆ ಉಪಯೋಗ ಆಗಲಿ" ಎಂದರು.

ಸದಸ್ಯರಲ್ಲಿ ವಿನಂತಿ

2018ರ ಆಗಸ್ಟ್ 15ರಂದು ಆರಂಭವಾದ ಕಂಟಿ ವೆಲುಗು ಮೊದಲ ಸುತ್ತಿನಲ್ಲೇ ರಾಜ್ಯದಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಮಂದಿಯ ಕಣ್ಣು ಪರೀಕ್ಷೆಯಾಯಿತು. 2023ರ ಜನವರಿಯಲ್ಲಿ ಎರಡನೇ ಸುತ್ತು ಶುರುವಾಯಿತು. ಪರೀಕ್ಷೆ ಆಗಿದೆ, ಚೀಟಿ ಸಿಕ್ಕಿದೆ. ಚೀಟಿ ಸೆರಗಿನಲ್ಲೇ ಉಳಿದರೆ ಪರೀಕ್ಷೆ ಮಾಡಿಸಿ ಏನು ಫಲ? ಆದ್ದರಿಂದ:

ಮನೆಯ ಹಿರಿಯರ ಹಳೆಯ ಚೀಟಿ, ಕನ್ನಡಕದ ಕಾಗದ ಹುಡುಕಿ ಮುಂದಿನ ಸಭೆಗೆ ತನ್ನಿ. ನಾವು ಹೆಸರು ಬರೆದುಕೊಂಡು, ಒಬ್ಬೊಬ್ಬರಿಗೂ ಜೊತೆಗೆ ಹೋಗುವವರನ್ನು ಗೊತ್ತುಮಾಡುತ್ತೇವೆ. ಕನ್ನಡ ಮಾತ್ರ ಬಲ್ಲ ಹಿರಿಯರ ಜೊತೆ ತೆಲುಗು ಬಲ್ಲ ಯುವ ಸದಸ್ಯರೊಬ್ಬರು ಇರುವಂತೆ ನೋಡಿಕೊಳ್ಳುತ್ತೇವೆ.

ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗವನ್ನೂ ತೋರಿಸಿ. ಕಣ್ಣು ಮಂಜಾದದ್ದೆಲ್ಲ ಪೊರೆಯಲ್ಲ. ನರದ, ಹಿಂಗೋಡೆಯ ಕಾಯಿಲೆಯೂ ಇರಬಹುದು. ಅದನ್ನು ವೈದ್ಯರೇ ನೋಡಿ ಹೇಳಬೇಕು.

ಕಣ್ಣು ಕೆಂಪಾಗಿ, ತಲೆ ಸಿಡಿಯುವ ನೋವು ಬಂದು, ದೀಪದ ಸುತ್ತ ಬಳೆಯಂತೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ.

ಈ ಬರಹವನ್ನು ಬರೆದು ಮುಗಿಸಿ ಆ ಹಿರಿಯ ಸದಸ್ಯೆಯ ಮನೆಗೆ ಹೋಗಿ ಓದಿ ಹೇಳಿದೆವು. ಮೊಟ್ಟೆಯ ಮಾತು ಬಂದಾಗ ನಕ್ಕರು. ಅಣ್ಣನವರ ಮಾತು ಬಂದಾಗ ಸುಮ್ಮನಾದರು. ಕೊನೆಗೆ ಹರಿದ ಚೀಟಿಯ ಎರಡು ತುಂಡುಗಳನ್ನು ನಮ್ಮ ಕೈಗೆ ಕೊಟ್ಟು, "ಇದನ್ನ ಅಂಟಿಸಿಕೊಂಡು ಬರ್ರಿ, ಹೋಗೋಣು" ಎಂದರು. ಪಟ್ಟಿಯಲ್ಲಿ ಮೊದಲ ಹೆಸರು ಅವರದೇ. ಎರಡನೆಯ ಸಾಲು ಖಾಲಿ ಇದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಕೋಸಗಿ